ಓದುಗರ ಪ್ರಶ್ನೆ: ಯುಂಗ್‌ಫ್ರೌ ಬೆಟ್ಟಕ್ಕೆ ಹೋಗುವ ದಿನ ಮೊದಲು ಮೋಡ ನೋಡಿ

ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಒಂದು ದಿನ ಹೇಗೆ ಕಳೆಯಬೇಕು ಎಂದು ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಕಂತಿನಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುತೇಕ ಎಲ್ಲರೂ ಇಂಟರ್ಲಾಕನ್‌ನಲ್ಲಿ ಉಳಿದುಕೊಂಡು ಅಲ್ಲಿಂದ ಯುಂಗ್‌ಫ್ರೌ ಬೆಟ್ಟದ ಪಕ್ಕದ ಹಿಮದ ಕಣಿವೆದಾರಿಯಲ್ಲಿರುವ ರೈಲು ನಿಲ್ದಾಣ ಯುಂಗ್‌ಫ್ರೌಯೋಖ್ ನೋಡುವ ಯೋಚನೆಯಲ್ಲಿದ್ದಾರೆ. ಹಾಗಾಗಿ ಉತ್ತರಗಳೂ ಆ ಕಣಿವೆಯ ಸುತ್ತಲೇ ಇವೆ. ದರ ಮತ್ತು ರೈಲಿನ ವೇಳೆ ವರ್ಷಕ್ಕೊಮ್ಮೆ ಬದಲಾಗುವಂಥವು. ಹೊರಡುವ ವಾರದಲ್ಲಿ ರೈಲ್ವೆಯವರದೇ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮಕ್ಕಳ ರಜೆ ನೋಡಿಕೊಂಡು ಮೇ ತಿಂಗಳಲ್ಲಿ ಹೋಗೋಣ ಎಂದಿದ್ದೇವೆ. ಟ್ರಾವೆಲ್ಸ್‌ನವರು ಸೆಪ್ಟೆಂಬರ್ ವಾಸಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಟ್ರಾವೆಲ್ಸ್‌ನವರು ಹೇಳಿದ್ದು ಸರಿ. ಹಿಮ ಮುಟ್ಟಿ ಬಂದರೆ ಸಾಕು ಎನ್ನುವವರಿಗೆ ಮೇ ತಿಂಗಳಲ್ಲೂ ತೊಂದರೆಯಿಲ್ಲ. ಯುಂಗ್‌ಫ್ರೌಯೋಖ್ ರೈಲು ವರ್ಷವಿಡೀ ಓಡುತ್ತದೆ, ಮೇಲೆ ಹಿಮವೂ ವರ್ಷವಿಡೀ ಇರುತ್ತದೆ. ಆದರೆ 2000 ಮೀಟರ್ ಆಸುಪಾಸಿನ ಕಾಲುದಾರಿಗಳು ಆಗ ಇನ್ನೂ ಹಳೆಯ ಹಿಮದ ಅಡಿಯಲ್ಲಿರುತ್ತವೆ. ಕೆಲವು ರೋಪ್‌ವೇಗಳು ಚಳಿಗಾಲದ ಹಂಗಾಮು ಮುಗಿಸಿ ದುರಸ್ತಿಗೆ ನಿಂತಿರುತ್ತವೆ. ಎತ್ತರದ ಘಾಟಿ ರಸ್ತೆಗಳು ತೆರೆದಿರುವುದಿಲ್ಲ. ಮೇ ತಿಂಗಳ ದೊಡ್ಡ ಲಾಭ ಅಬ್ಬಿಗಳದ್ದು. ಹಿಮ ಕರಗುವ ಆ ಹೊತ್ತಿಗೆ ಲೌಟರ್‌ಬ್ರುನ್ನೆನ್ ಕಣಿವೆಯ ಜಲಪಾತಗಳು ಮೈತುಂಬಿ ಬೀಳುತ್ತವೆ.

ಕೊಡಗಿನ ತೋಟದವರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವುದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಟು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದೊಳಗೆ ಊರು ಸೇರುವ ಅವಧಿ. ನಾಟಿ ಮುಗಿದಿರುತ್ತದೆ, ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿರುವುದಿಲ್ಲ. ಅಲ್ಲೂ ಜುಲೈ–ಆಗಸ್ಟಿನ ಮಧ್ಯಾಹ್ನದ ಗುಡುಗುಮಳೆ ತಗ್ಗಿರುತ್ತದೆ, ದಾರಿಗಳೆಲ್ಲ ತೆರೆದಿರುತ್ತವೆ, ಬೇಸಿಗೆ ರಜೆಯ ಜನಜಂಗುಳಿ ಕರಗಿರುತ್ತದೆ. ಶಾಲೆ ತಪ್ಪಿಸಲು ಇಷ್ಟವಿಲ್ಲದಿದ್ದರೆ ದಸರಾ ರಜೆಗೆ ಹೊಂದಿಸಿ. ಅಕ್ಟೋಬರ್ ಮೊದಲ ಅರ್ಧ ಕೂಡ ಒಳ್ಳೆಯ ಕಾಲವೇ.

ಪ್ರಶ್ನೆ: ನಾವು ನಾಲ್ವರು, ಏಜೆಂಟರಿಲ್ಲದೆ ಸ್ವಂತವಾಗಿ ಹೋಗುತ್ತಿದ್ದೇವೆ. ಇಂಟರ್ಲಾಕನ್‌ನಿಂದ ಯುಂಗ್‌ಫ್ರೌಯೋಖ್ ನೋಡಿ ಅದೇ ದಿನ ಲೌಟರ್‌ಬ್ರುನ್ನೆನ್ ಜಲಪಾತಗಳನ್ನೂ ನೋಡಲು ಆಗುತ್ತದೆಯೇ? ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ವಿವರವಾಗಿ ತಿಳಿಸಿ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಆಗುತ್ತದೆ, ಬೆಳಿಗ್ಗೆ ಏಳರ ಸುಮಾರಿಗೆ ರೈಲು ಹತ್ತಿದರೆ ಮಾತ್ರ. ಒಂಬತ್ತೂವರೆಗೆ ಹೊರಟರೆ ಎರಡರಲ್ಲಿ ಒಂದು ಕೈಬಿಡಬೇಕಾಗುತ್ತದೆ.

ಮೊದಲ ಕೆಲಸ ಹಾಸಿಗೆಯಲ್ಲಿ ಕುಳಿತೇ ಮಾಡುವಂಥದ್ದು. ಯುಂಗ್‌ಫ್ರೌ ರೈಲ್ವೆಯ ಜಾಲತಾಣದಲ್ಲಿ ಮೇಲಿನ ನಿಲ್ದಾಣದ ಕ್ಯಾಮೆರಾ ದೃಶ್ಯ ನೇರವಾಗಿ ಬರುತ್ತದೆ. ಅದನ್ನು ನೋಡಿ. ಕಿಟಕಿಯಾಚೆಯ ಆಕಾಶ ನೋಡಿ ತೀರ್ಮಾನಿಸಬೇಡಿ. ಇಂಟರ್ಲಾಕನ್ ಇರುವುದು 567 ಮೀಟರಿನಲ್ಲಿ, ಯುಂಗ್‌ಫ್ರೌಯೋಖ್ ನಿಲ್ದಾಣ 3454 ಮೀಟರಿನಲ್ಲಿ. ಸೆಪ್ಟೆಂಬರ್ ಕೊನೆಯಿಂದ ಅಲ್ಲಿನ ಸರೋವರಗಳ ಮೇಲೆ ಬೆಳಗಿನ ಮಂಜು ದಟ್ಟವಾಗಿ ಕೂರುತ್ತದೆ. ಮೇಲೆ ಅದೇ ಹೊತ್ತಿಗೆ ಬಿಸಿಲು ಹೊಳೆಯುತ್ತಿರಬಹುದು. ಬೇಸಿಗೆಯಲ್ಲಿ ಇದು ತಿರುಗುಮುರುಗು: ಕೆಳಗೆ ಬಿಸಿಲು, ಮೇಲೆ ಮೋಡ. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿ ಬರೀ ಬಿಳಿ ಮಂಜು ನೋಡಿ ಬಂದ ಹಾಗೆಯೇ ಇದು, ಆದರೆ ಇಲ್ಲಿ ಒಬ್ಬೊಬ್ಬರ ಟಿಕೆಟ್ಟಿಗೂ ಸಾವಿರಾರು ರೂಪಾಯಿ ಸುರಿದಿರುತ್ತೀರಿ. ಕ್ಯಾಮೆರಾದಲ್ಲಿ ಬೆಟ್ಟದ ಅಂಚು ಕಂಡರೆ ಹೊರಡಿ. ಕಾಣದಿದ್ದರೆ ಮರುದಿನಕ್ಕೆ ತಳ್ಳಿ. ಇದೊಂದನ್ನು ಪಾಲಿಸಲು ಇಂಟರ್ಲಾಕನ್‌ನಲ್ಲಿ ಕನಿಷ್ಠ ಎರಡು ಹಗಲು ಕೈಯಲ್ಲಿರುವಂತೆ ಯೋಜನೆ ಹಾಕಿ. ಒಂದೇ ಹಗಲು ಇಟ್ಟುಕೊಂಡವರ ಕೈಯಲ್ಲಿ ಏನೂ ಇರುವುದಿಲ್ಲ.

ಊರಲ್ಲಿ ಎರಡು ನಿಲ್ದಾಣ ಇವೆ, ವೆಸ್ಟ್ ಮತ್ತು ಓಸ್ಟ್. ಬೆಟ್ಟದ ರೈಲು ಹೊರಡುವುದು ಓಸ್ಟ್‌ನಿಂದ ಮಾತ್ರ. ರೈಲೇ ಇಲ್ಲದ ಜಿಲ್ಲೆಯಿಂದ ಹೋಗುವ ನಮಗೆ ಮುಂದಿನ ಮಾತು ಮುಖ್ಯ: ಆ ರೈಲು ತ್ಸ್ವೈಲುಚಿನೆನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ. ಒಂದು ತುಂಡು ಗ್ರಿಂಡೆಲ್‌ವಾಲ್ಡ್ ಕಡೆಗೆ, ಇನ್ನೊಂದು ಲೌಟರ್‌ಬ್ರುನ್ನೆನ್ ಕಡೆಗೆ ಹೋಗುತ್ತದೆ. ಪ್ಲಾಟ್‌ಫಾರಂ ಸರಿಯಿದ್ದರೂ ಡಬ್ಬಿ ತಪ್ಪಬಹುದು. ಹತ್ತುವ ಮುನ್ನ ಡಬ್ಬಿಯ ಪಕ್ಕದ ಫಲಕದಲ್ಲಿ ಗ್ರಿಂಡೆಲ್‌ವಾಲ್ಡ್ ಎಂದಿದೆಯೇ ನೋಡಿ, ನಾಲ್ವರೂ ಒಂದೇ ಡಬ್ಬಿ ಹತ್ತಿ. ತಪ್ಪಿ ಇನ್ನೊಂದು ತುಂಡಿನಲ್ಲಿ ಕೂತರೆ ಗಾಬರಿ ಬೇಡ. ಲೌಟರ್‌ಬ್ರುನ್ನೆನ್ ಕಡೆಯಿಂದಲೂ ಮೇಲೆ ಹೋಗಬಹುದು, ಮುಕ್ಕಾಲು ಗಂಟೆಯಷ್ಟು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಅರ್ಧ ಗಂಟೆಗೆ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್ ಬರುತ್ತದೆ. ಊರಿನ ಮುಖ್ಯ ನಿಲ್ದಾಣಕ್ಕೆ ಒಂದು ನಿಲ್ದಾಣ ಮುಂಚೆ ಅದು. ಅಲ್ಲೇ ಇಳಿಯಬೇಕು. ಅಲ್ಲಿಂದ ಐಗರ್ ಎಕ್ಸ್‌ಪ್ರೆಸ್ ಎಂಬ ರೋಪ್‌ವೇ, 2020ರ ಡಿಸೆಂಬರಿನಲ್ಲಿ ಶುರುವಾದದ್ದು. ಒಂದು ತೊಟ್ಟಿಲಲ್ಲಿ 26 ಮಂದಿ ಹಿಡಿಯುತ್ತಾರೆ, 15 ನಿಮಿಷದಲ್ಲಿ 2320 ಮೀಟರಿನ ಐಗರ್‌ಗ್ಲೆಚರ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಹೋಗುವಾಗ ಐಗರ್ ಬೆಟ್ಟದ ಉತ್ತರ ಗೋಡೆ ಕಣ್ಣೆದುರಿಗೇ ಬರುತ್ತದೆ. ಸುಮಾರು 1800 ಮೀಟರ್ ಎತ್ತರದ ಆ ಬಂಡೆಯನ್ನು ಮೊದಲ ಬಾರಿ ಹತ್ತಿದ್ದು 1938ರಲ್ಲಿ.

ಐಗರ್‌ಗ್ಲೆಚರ್‌ನಲ್ಲಿ ಹಲ್ಲುಹಳಿಯ ರೈಲು ಹತ್ತಬೇಕು. ಅಲ್ಲಿಂದ ಮೇಲಕ್ಕೆ ಹೆಚ್ಚುಕಡಿಮೆ ಪೂರ್ತಿ ಸುರಂಗ. ಐಗರ್, ಮೋಂಖ್ ಬೆಟ್ಟಗಳ ಹೊಟ್ಟೆಯೊಳಗೆ ಸುಮಾರು ಏಳು ಕಿ.ಮೀ. ಕೊರೆದದ್ದು. ಅಡಾಲ್ಫ್ ಗುಯರ್-ತ್ಸೆಲರ್ ಎಂಬ ಉದ್ಯಮಿ 1896ರಲ್ಲಿ ಕೆಲಸ ಶುರು ಮಾಡಿಸಿ 1899ರಲ್ಲಿ ತೀರಿಕೊಂಡರು. ರೈಲು ತುದಿ ಮುಟ್ಟಿದ್ದು 1912ರ ಆಗಸ್ಟ್ 1ರಂದು. ಮಧ್ಯೆ ಐಸ್‌ಮೇರ್ ಎಂಬಲ್ಲಿ ಸುಮಾರು ಐದು ನಿಮಿಷ ನಿಲ್ಲಿಸುತ್ತಾರೆ. ಇಳಿದು, ಬಂಡೆಯಲ್ಲಿ ಕೊರೆದ ದೊಡ್ಡ ಗಾಜಿನ ಕಿಟಕಿಯಿಂದ ಹಿಮನದಿಯ ಸೀಳುಗಳನ್ನು ನೋಡಬಹುದು. ಬರುವಾಗ ಅಲ್ಲಿ ನಿಲ್ಲಿಸುವುದಿಲ್ಲ, ಆದ್ದರಿಂದ ಹೋಗುವಾಗಲೇ ನೋಡಿಕೊಳ್ಳಿ. ಎತ್ತರ ಆಗಲೇ 3160 ಮೀಟರ್. ಕಿಟಕಿಗೆ ಓಡಿ ಹೋಗಿ ಓಡಿ ಬರುವವರೇ ಮೇಲೆ ಮುಟ್ಟಿದಾಗ ತಲೆ ಸುತ್ತುತ್ತದೆ ಎನ್ನುವುದು.

ಮೇಲೆ ಮುಟ್ಟಿದಾಗ ಒಂಬತ್ತರ ಸುಮಾರು ಆಗಿರುತ್ತದೆ. ಅಲ್ಲಿ ಎಲ್ಲರೂ ಬಾಣದ ಗುರುತು ಹಿಡಿದು ಒಂದೇ ಸುತ್ತು ಹಾಕುತ್ತಾರೆ. ನೀವು ಮೊದಲು ಲಿಫ್ಟ್ ಹತ್ತಿ 3571 ಮೀಟರಿನ ಸ್ಫಿಂಕ್ಸ್ ಜಗಲಿಗೆ ಹೋಗಿ. ಬೆಳಿಗ್ಗೆ ಗಾಳಿ ತಿಳಿಯಾಗಿದ್ದಾಗ ಅಲ್ಲಿಂದ ದಕ್ಷಿಣಕ್ಕೆ ಅಲೆಚ್ ಹಿಮನದಿ ತೆರೆದುಕೊಳ್ಳುತ್ತದೆ. ಆಲ್ಪ್ಸ್ ಪರ್ವತದ ಅತಿ ಉದ್ದದ ಹಿಮನದಿ ಅದು, 20 ಕಿ.ಮೀ.ಗೂ ಹೆಚ್ಚು ಉದ್ದ. 2001ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಹಿಮದ ಮೇಲೆ ಎರಡು ಕಪ್ಪು ಗೆರೆಗಳು ರೈಲು ಹಳಿಯಂತೆ ಉದ್ದಕ್ಕೂ ಬಾಗಿ ಹೋಗುವುದು ಕಾಣಿಸುತ್ತದೆ. ಮೇಲಿನ ಮೂರು ಹಿಮಹರಿವುಗಳು ಒಂದಾಗುವ ಕಡೆ, ಅವುಗಳ ಅಂಚಿನ ಕಲ್ಲು-ಮಣ್ಣು ನಡುವೆ ಸಿಕ್ಕಿ ಸಾಲುಗಟ್ಟಿ ಬರುವುದೇ ಆ ಗೆರೆ. ಇದನ್ನು ತಿಳಿದುಕೊಂಡು ನೋಡಿದರೆ ನಿಂತಂತೆ ಕಾಣುವ ಹಿಮ ನಿಜಕ್ಕೂ ಹರಿಯುತ್ತಿದೆ ಎನ್ನುವುದು ಮನಸ್ಸಿಗೆ ಹತ್ತುತ್ತದೆ. ಹಿಮದ ಬಯಲು, ಮಂಜುಗಡ್ಡೆಯ ಗುಹೆ ಆಮೇಲೆ ನೋಡಿ. ಗುಹೆ ಒಳಗಿನದು, ಮೋಡ ಬಂದರೂ ಎಲ್ಲಿಗೂ ಹೋಗುವುದಿಲ್ಲ. ಒಟ್ಟು ಎರಡು, ಎರಡೂವರೆ ಗಂಟೆ ಸಾಕು.

ಇಳಿಯುವಾಗ ಬೇರೆ ದಾರಿ ಹಿಡಿಯಿರಿ. ಸಾಮಾನ್ಯ ಹೋಗಿ-ಬರುವ ಟಿಕೆಟ್ಟಿನಲ್ಲಿ ಎರಡೂ ಕಡೆ ಇಳಿಯಲು ಅವಕಾಶವಿದೆ. ಐಗರ್‌ಗ್ಲೆಚರ್‌ನಲ್ಲಿ ರೋಪ್‌ವೇಗೆ ಇಳಿಯದೆ ಅದೇ ರೈಲಿನಲ್ಲಿ ಕ್ಲೈನೆ ಶೈಡೆಗ್ (2061 ಮೀ.) ತನಕ ಬನ್ನಿ. ಜೂನ್ ಕೊನೆಯಿಂದ ಅಕ್ಟೋಬರ್ ತನಕವಾದರೆ, ಮೊಣಕಾಲು ಗಟ್ಟಿಯಿದ್ದವರು ಐಗರ್‌ಗ್ಲೆಚರ್‌ನಲ್ಲಿ ಇಳಿದು ಎರಡು ಕಿ.ಮೀ. ಚಿಲ್ಲರೆ ದಾರಿ ನಡೆದೇ ಇಳಿಯಬಹುದು. ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ದಿನದ ಅತ್ಯುತ್ತಮ ಭಾಗ ಇದೇ. ಹುಲ್ಲು, ದನಗಳ ಗಂಟೆ, ಪಕ್ಕದಲ್ಲೇ ಐಗರ್ ಗೋಡೆ, ಜನ ತೀರ ಕಡಿಮೆ.

ಕ್ಲೈನೆ ಶೈಡೆಗ್‌ನಲ್ಲಿ ಎರಡು ದಿಕ್ಕಿಗೂ ಒಂದೇ ಬಣ್ಣದ ರೈಲು ನಿಂತಿರುತ್ತವೆ. ನಿಮಗೆ ಬೇಕಾದ್ದು ವೆಂಗೆನ್–ಲೌಟರ್‌ಬ್ರುನ್ನೆನ್ ಕಡೆಯದು. ಮೋಟಾರು ವಾಹನ ಬಿಡದ ವೆಂಗೆನ್ ಊರಿನಲ್ಲಿ ಇಳಿದು ಊಟ ಮಾಡಿ, ಮುಂದಿನ ರೈಲಿಗೆ ಲೌಟರ್‌ಬ್ರುನ್ನೆನ್ ಸೇರಿಕೊಳ್ಳಿ. 297 ಮೀಟರಿನ ಸ್ಟೌಬ್‌ಬಾಖ್ ಅಬ್ಬಿ ಪೇಟೆಬೀದಿಯಿಂದಲೇ ಕಾಣುತ್ತದೆ. ನಿಲ್ದಾಣದೆದುರು ಸ್ಟೆಕಲ್‌ಬರ್ಗ್ ಕಡೆಯ ಬಸ್ ಹತ್ತಿ ಟ್ರುಮೆಲ್‌ಬಾಖ್ ನಿಲ್ದಾಣದಲ್ಲಿ ಇಳಿಯಿರಿ. ಇದು ಬೆಟ್ಟದೊಳಗೇ ಬೀಳುವ ಹತ್ತು ಜಲಪಾತಗಳ ಸಾಲು. ಐಗರ್, ಮೋಂಖ್, ಯುಂಗ್‌ಫ್ರೌ ಮೂರರ ಹಿಮ ಕರಗಿದ ನೀರೂ ಇಲ್ಲೇ ಇಳಿಯುವುದು, ಸೆಕೆಂಡಿಗೆ 20,000 ಲೀಟರ್ ತನಕ. ಒಳಗೆ ಲಿಫ್ಟ್ ಇದೆ. ಲಿಫ್ಟಿನಲ್ಲಿ ಮೇಲೆ ಹೋಗಿ, ಮೆಟ್ಟಿಲು ಹಿಡಿದು ಇಳಿಯುತ್ತಾ ನೋಡುವುದು ಸಲೀಸು. ಕಲ್ಲು ಸದಾ ಒದ್ದೆ, ಚಪ್ಪಲಿ ಬೇಡವೇ ಬೇಡ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಏಪ್ರಿಲ್‌ನಿಂದ ನವೆಂಬರ್ ಆರಂಭದ ತನಕ ಮಾತ್ರ ತೆರೆದಿರುತ್ತದೆ. ಸಂಜೆ ಬಾಗಿಲು ಬೇಗ ಹಾಕುವುದರಿಂದ ನಾಲ್ಕು ಗಂಟೆಯೊಳಗೆ ಅಲ್ಲಿರಿ. ಬೆಳಿಗ್ಗೆ ಏಳಕ್ಕೆ ಹೊರಡಿ ಎಂದದ್ದು ಇದಕ್ಕೇ.

ಪ್ರಶ್ನೆ: ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಯುಂಗ್‌ಫ್ರೌ ಉಚಿತ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ನಿಜ ಯಾವುದು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಪೂರ್ತಿ ಉಚಿತವಲ್ಲ. ದೇಶದ ರೈಲು, ಬಸ್, ದೋಣಿಗಳಲ್ಲಿ ಓಡಾಡಲು ಕೊಡುವ ಆ ಪಾಸು ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ತನಕ ನಡೆಯುತ್ತದೆ. ಅಲ್ಲಿಂದ ಮೇಲಿನ ಟಿಕೆಟ್ಟಿಗೆ ಶೇ. 25 ರಿಯಾಯಿತಿ ಸಿಗುತ್ತದೆ. ಹಾಫ್ ಫೇರ್ ಕಾರ್ಡ್ ಎಂಬುದು ಬೇರೆ. ಅದನ್ನು ಕೊಂಡರೆ ಯಾವುದೂ ಉಚಿತವಲ್ಲ, ಆದರೆ ಯುಂಗ್‌ಫ್ರೌಯೋಖ್ ಸೇರಿ ಬಹುತೇಕ ಎಲ್ಲ ರೈಲು, ಬಸ್, ದೋಣಿ, ರೋಪ್‌ವೇ ಅರ್ಧ ದರಕ್ಕೆ ಸಿಗುತ್ತದೆ. ಎರಡೂ ಕೈಯಲ್ಲಿದ್ದರೆ ರಿಯಾಯಿತಿ ಕೂಡಿಸಿ ಕೊಡುವುದಿಲ್ಲ. ಇಂಟರ್ಲಾಕನ್‌ನಿಂದ ಹೋಗಿಬರುವ ಪೂರ್ಣ ದರ ಬೇಸಿಗೆಯಲ್ಲಿ 200 ಫ್ರಾಂಕ್ ದಾಟುವುದರಿಂದ ಈ ಅರ್ಧ ಮತ್ತು ಕಾಲಿನ ಲೆಕ್ಕ ಸಣ್ಣದಲ್ಲ.

ದಿನವೂ ಊರು ಬದಲಿಸುತ್ತಾ ಜ್ಯೂರಿಕ್, ಲೂಸರ್ನ್, ಜಿನೀವಾ ಎಂದು ಸುತ್ತುವವರಿಗೆ ಪಾಸು ಸರಿ. ಒಂದೇ ಊರಿನಲ್ಲಿ ನೆಲೆನಿಂತು ಬೆಟ್ಟ ಹತ್ತುವವರಿಗೆ ಹಾಫ್ ಫೇರ್ ಕಾರ್ಡ್ ವಾಸಿ. ನಿಮ್ಮ ಪ್ರಯಾಣಗಳನ್ನು ಕಾಗದದ ಮೇಲೆ ಬರೆದು, ಒಂದೊಂದರ ದರವನ್ನು ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪಿನಲ್ಲಿ ನೋಡಿ ಕೂಡಿಸಿ. ಉತ್ತರ ತಾನೇ ಸಿಗುತ್ತದೆ. ಪಾಸು ಕೊಂಡರೆ 6ರಿಂದ 15 ವರ್ಷದ ಮಕ್ಕಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಅದಕ್ಕೆ ದುಡ್ಡಿಲ್ಲ, ಪಾಸು ನಡೆಯುವ ದಾರಿಗಳಲ್ಲೆಲ್ಲ ಮಕ್ಕಳಿಗೆ ಟಿಕೆಟ್ಟಿಲ್ಲ. ಆದರೆ ತಂದೆ ಅಥವಾ ತಾಯಿ ಜತೆಗಿರಬೇಕು. ಅಜ್ಜ-ಅಜ್ಜಿ, ಚಿಕ್ಕಪ್ಪ ಇದ್ದರೆ ಸಾಲದು.

ಇನ್ನೊಂದು ಗೊಂದಲ ಸೀಟಿನದು. ಟಿಕೆಟ್ ಬೇರೆ, ಮೇಲಿನ ರೈಲಿನ ಸೀಟು ಕಾಯ್ದಿರಿಸುವುದು ಬೇರೆ, ಅದಕ್ಕೆ ಪ್ರತ್ಯೇಕ ಶುಲ್ಕ. ಜುಲೈ–ಆಗಸ್ಟಿನಲ್ಲಿ ಕಾಯ್ದಿರಿಸದೆ ಹೋದರೆ ಐಗರ್‌ಗ್ಲೆಚರ್‌ನಲ್ಲಿ ಸಾಲು ಹಿಡಿದು ನಿಲ್ಲಬೇಕಾಗುತ್ತದೆ. ಹಾಗೆಂದು ತಿಂಗಳ ಮುಂಚೆಯೇ ಕಾಯ್ದಿರಿಸಿದರೆ ಮೋಡದ ದಿನಕ್ಕೆ ಸಿಕ್ಕಿಬೀಳುತ್ತೀರಿ. ಹಿಂದಿನ ದಿನ ಸಂಜೆ ಅಲ್ಲಿನ ಹವಾಮಾನ ಇಲಾಖೆ ಮೀಟಿಯೋಸ್ವಿಸ್‌ನ ಮುನ್ಸೂಚನೆ ನೋಡಿ, ಬೆಳಗಿನ ಮೊದಮೊದಲ ರೈಲಿಗೆ ಕಾಯ್ದಿರಿಸುವುದು ಒಳ್ಳೆಯ ನಡುದಾರಿ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಬೆಟ್ಟದಲ್ಲೇ ಇರುವವರು, ಏನೂ ಆಗುವುದಿಲ್ಲ ಎನ್ನುತ್ತಾರೆ. ಕರೆದುಕೊಂಡು ಹೋಗಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬಿ.ಪಿ. ಹತೋಟಿಯಲ್ಲಿದ್ದರೆ ಆ ವಯಸ್ಸಿನವರು ಎಷ್ಟೋ ಮಂದಿ ಹೋಗಿ ಬರುತ್ತಾರೆ. ಆದರೆ ಹೊರಡುವ ಮೊದಲು ಅವರನ್ನು ನೋಡುವ ಡಾಕ್ಟರಿಗೆ 3454 ಮೀಟರ್ ಎಂಬ ಅಂಕಿ ಹೇಳಿಯೇ ಕೇಳಿ. ಸುಮ್ಮನೆ ಫಾರಿನ್ ಟೂರ್ ಎಂದರೆ ಅವರಿಗೆ ವಿಷಯ ತಿಳಿಯುವುದಿಲ್ಲ. ಇತ್ತೀಚೆಗೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಶ್ವಾಸಕೋಶದ ಕಾಯಿಲೆ ಅಥವಾ ತೀವ್ರ ರಕ್ತಹೀನತೆ ಇರುವವರು, ಬಸುರಿಯರು ಡಾಕ್ಟರು ಒಪ್ಪದೆ ಹೋಗಲೇಬಾರದು.

ಬೆಟ್ಟದವರು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಮ್ಮ ಅತಿ ಎತ್ತರದ ತಡಿಯಂಡಮೋಳ್ 1748 ಮೀಟರ್, ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರ ಯುಂಗ್‌ಫ್ರೌಯೋಖ್. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಜತೆಗೆ ಹತ್ತುವ ವೇಗ ನೋಡಿ. ಕಾಲ್ನಡಿಗೆಯಲ್ಲಾದರೆ ದೇಹ ಹೊಂದಿಕೊಳ್ಳಲು ದಿನಗಳು ಸಿಗುತ್ತವೆ, ಇಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ 2900 ಮೀಟರ್ ಏರಿಬಿಡುತ್ತೀರಿ. ಎರಡು ಗಂಟೆಯ ಭೇಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಏದುಸಿರು, ತಲೆ ಹಗುರಾಗುವುದು, ಸ್ವಲ್ಪ ತಲೆನೋವು. ಹೆಚ್ಚಿನವರಿಗೆ ಕೆಳಗಿಳಿದ ಕೂಡಲೇ ಹೋಗುತ್ತದೆ.

ವಿಮಾನ ಇಳಿದ ಮರುದಿನವೇ ಅಮ್ಮನನ್ನು ಮೇಲೆ ಕರೆದೊಯ್ಯಬೇಡಿ, ಒಂದು ದಿನ ಕೆಳಗೆ ಸುಧಾರಿಸಿಕೊಳ್ಳಲಿ. ಬೆಳಗಿನ ಮಾತ್ರೆ ಎಂದಿನಂತೆ ತೆಗೆದುಕೊಳ್ಳಲಿ. ತಿಂಡಿ ಬಿಡಬಾರದು, ಹೊಟ್ಟೆ ಬಿರಿಯೆ ತಿನ್ನಲೂಬಾರದು. ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ನೀರು ಕುಡಿಸಿ. ಮೇಲೆ ಮನೆಯಲ್ಲಿ ನಡೆಯುವ ವೇಗದ ಅರ್ಧಕ್ಕೆ ನಡೆಸಿ, ಮೆಟ್ಟಿಲಿದ್ದಲ್ಲಿ ಲಿಫ್ಟ್ ಹುಡುಕಿ. ತಲೆನೋವು ಏರುತ್ತಾ ಹೋದರೆ, ವಾಂತಿ ಬಂದರೆ, ನಡಿಗೆ ತೂರಾಡಿದರೆ, ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ ಕೂಡಲೇ ಸಿಬ್ಬಂದಿಗೆ ಹೇಳಿ ಮುಂದಿನ ರೈಲಿಗೆ ಇಳಿಯಿರಿ. ಇಳಿಯುವುದೇ ಮದ್ದು. ಫೋಟೊ ಬಾಕಿ ಇದೆ ಎಂದು ಅರ್ಧ ಗಂಟೆ ಕಾಯುವುದು ತಪ್ಪು. ಎತ್ತರದ ಮಾತ್ರೆ ಎಂದು ಅಂಗಡಿಯಲ್ಲಿ ಕೊಡುವ ಅಸೆಟಜೋಲಮೈಡನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬೇಡಿ. ಸಲ್ಫಾ ಅಲರ್ಜಿ ಇದ್ದವರಿಗೆ ಅದು ಆಗದಿರಬಹುದು.

ಅಮ್ಮನಿಗೆ ಡಾಕ್ಟರು ಬೇಡ ಎಂದರೂ ಕಣಿವೆ ಪ್ರವಾಸ ತಪ್ಪಿಸಬೇಕಿಲ್ಲ. 1638 ಮೀಟರಿನ ಮುರೆನ್ ಊರಿಗೆ ಲೌಟರ್‌ಬ್ರುನ್ನೆನ್‌ನಿಂದ ರೋಪ್‌ವೇ ಮತ್ತು ಪುಟ್ಟ ರೈಲಿನಲ್ಲಿ ಹೋಗಬಹುದು, ಟ್ರಾವೆಲ್ ಪಾಸು ಅಲ್ಲಿ ಪೂರ್ತಿ ನಡೆಯುತ್ತದೆ. ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಬೆಟ್ಟಗಳು ಅಲ್ಲಿನ ಬೆಂಚಿನಲ್ಲಿ ಕುಳಿತೇ ಎದುರಿಗೆ ಕಾಣುತ್ತವೆ. ಸ್ವಲ್ಪ ಧೈರ್ಯ ಮಾಡಿ ಹೇಳುವುದಾದರೆ, ವಯಸ್ಸಾದವರಿಗೆ ಯುಂಗ್‌ಫ್ರೌಯೋಖ್‌ಗಿಂತ ಮುರೆನ್ ಹೆಚ್ಚು ಖುಷಿ ಕೊಡುತ್ತದೆ.

ಪ್ರಶ್ನೆ: ಎರಡು ದಿನವೂ ಮೋಡವೇ ಇದ್ದರೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮೇಲೆ ಹೋಗಬೇಡಿ. ಟ್ರುಮೆಲ್‌ಬಾಖ್ ಮಳೆಯಲ್ಲೂ ನೋಡುವಂಥದ್ದು, ಬೆಟ್ಟದೊಳಗೇ ಇರುವುದರಿಂದ. ಇಂಟರ್ಲಾಕನ್ ಓಸ್ಟ್ ನಿಲ್ದಾಣದ ಹಿಂದೆಯೇ ಬ್ರಿಯೆನ್ಜ್ ಸರೋವರದ ದೋಣಿಕಟ್ಟೆ ಇದೆ. ಗೀಸ್‌ಬಾಖ್‌ನಲ್ಲಿ ಇಳಿದು 1879ರ ಹಳಿಬಂಡಿ ಹತ್ತಿದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಬ್ಬಿಯ ಬಳಿಗೆ ಹೋಗಬಹುದು, ಮಳೆ ಬಂದಷ್ಟೂ ಅದು ಚೆಂದ. ಮಳೆ ನಿಂತರೆ ಬ್ರಿಯೆನ್ಜ್ ಬಳಿಯ ಬಾಲೆನ್‌ಬರ್ಗ್ ಬಯಲು ವಸ್ತುಸಂಗ್ರಹಾಲಯ ನೋಡಿ. ದೇಶದ ಬೇರೆ ಬೇರೆ ಭಾಗದ ಹಳೆಯ ರೈತರ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಕೊಡವರ ಹಳೆಯ ಕುಟುಂಬದ ಮನೆಗಳಾದ ಐನ್‌ಮನೆಗಳು ಒಂದೊಂದಾಗಿ ಬೀಳುವುದನ್ನು ನೋಡುತ್ತಿರುವ ನಮ್ಮವರು ಅರ್ಧ ದಿನ ಕೊಟ್ಟು ನೋಡಬೇಕಾದ ಜಾಗ. ದೋಣಿ, ವಸ್ತುಸಂಗ್ರಹಾಲಯ ಎರಡೂ ಚಳಿಗಾಲದಲ್ಲಿ ಇರುವುದಿಲ್ಲ, ಅಥವಾ ತೀರ ಕಡಿಮೆ.

ಪ್ರಶ್ನೆ: ಮಳೆಗಾಲದ ಜರ್ಕಿನ್, ಗಂಬೂಟು ಮನೆಯಲ್ಲಿವೆ. ಬೇರೆ ಕೊಳ್ಳಬೇಕೇ? ಸೀರೆಯಲ್ಲಿ ಹೋಗಬಹುದೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಜರ್ಕಿನ್ ಸಾಕು, ಗಾಳಿ ತಡೆದರೆ ಆಯಿತು. ಒಳಗೆ ಉಣ್ಣೆ ಸ್ವೆಟರ್, ಅದರೊಳಗೆ ಮೈಗಂಟುವ ಥರ್ಮಲ್ ಇರಲಿ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ. ಇಂಟರ್ಲಾಕನ್‌ನಲ್ಲಿ 20 ಡಿಗ್ರಿ ಇದ್ದರೆ ಮೇಲೆ ಸೊನ್ನೆಯ ಸುತ್ತಮುತ್ತ, ಗಾಳಿ ಬೀಸಿದರೆ ಮೈಗೆ ಅದಕ್ಕಿಂತ ಕಡಿಮೆ. ಗಂಬೂಟು ಬೇಡ, ಹಿಮದ ಮೇಲೆ ಜಾರುತ್ತದೆ, ಕಾಲೂ ಕೊರೆಯುತ್ತದೆ. ಅಡಿಯಲ್ಲಿ ಆಳವಾದ ಗೀರುಗಳಿರುವ ರಬ್ಬರ್ ಷೂ ಹಾಕಿ. ಹತ್ತಿಯ ಕಾಲುಚೀಲ ಒದ್ದೆಯಾದರೆ ಒಣಗುವುದಿಲ್ಲ, ಒಂದು ಜತೆ ಉಣ್ಣೆಯದು ಚೀಲದಲ್ಲಿರಲಿ. ಕೊಡೆ ಗಾಳಿಗೆ ನಿಲ್ಲದು. ಕಪ್ಪು ಕನ್ನಡಕ ಮರೆತರೆ ಕಣ್ಣು ಉರಿಯುತ್ತದೆ, ಏಕೆಂದರೆ ಹೊಸ ಹಿಮ ಅತಿನೇರಳೆ ಕಿರಣದ ಹೆಚ್ಚಿನ ಪಾಲನ್ನು ಮುಖಕ್ಕೇ ತಿರುಗಿಸುತ್ತದೆ. ಗಲ್ಲದ ಕೆಳಗೆ, ಮೂಗಿನಡಿಗೂ ಸನ್‌ಸ್ಕ್ರೀನ್ ಹಚ್ಚಿ. ಸೀರೆ ಉಡಬಹುದು, ಒಳಗೆ ಥರ್ಮಲ್ ಪ್ಯಾಂಟ್ ಇರಲಿ, ಅಂಚು ಕಣಕಾಲಿಗಿಂತ ಮೇಲಿರಲಿ. ಮಂಜುಗಡ್ಡೆಯ ಗುಹೆಯಲ್ಲಿ ನೆರಿಗೆ ಕಾಲಿಗೆ ಸಿಕ್ಕರೆ ಬೀಳುವುದು ಖಂಡಿತ.

ಪ್ರಶ್ನೆ: ಊಟಕ್ಕೆ ಏನು ಕಟ್ಟಿಕೊಂಡು ಹೋಗಬಹುದು? ಒಣಗಿಸಿದ ಮಾಂಸ, ಪಂದಿ ಉಪ್ಪಿನಕಾಯಿ, ನಮ್ಮ ಕಿತ್ತಳೆ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಮೂರೂ ಬೇಡ. ಐರೋಪ್ಯ ಒಕ್ಕೂಟದ ಹೊರಗಿನ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ಸ್ವಿಟ್ಜರ್ಲೆಂಡ್ ನಿಷೇಧಿಸಿದೆ. ತುಪ್ಪದ ಡಬ್ಬಿ, ಹಾಲಿನ ಸಿಹಿಯೂ ಅದರಲ್ಲಿ ಸೇರುತ್ತದೆ. ಕಿತ್ತಳೆಯಂಥ ತಾಜಾ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಎಣ್ಣೆಯ ನಿಂಬೆ ಉಪ್ಪಿನಕಾಯಿ, ಪುಳಿಯೋಗರೆ ಪುಡಿ ಒಯ್ಯಬಹುದು. ಅನ್ನಕ್ಕೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ದೊಡ್ಡ ಉಳಿತಾಯ. ಅಕ್ಕಿ, ಮೊಸರು, ತರಕಾರಿ ಕೋಪ್ ಮತ್ತು ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ಊರೊಳಗಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣಗಳಲ್ಲಿರುವವು ಮಾತ್ರ ತೆರೆದಿರುತ್ತವೆ. ಶನಿವಾರವೇ ಕೊಂಡಿಡಿ.

ಬೆಟ್ಟದ ಮೇಲಕ್ಕೆ ಕಪ್ ನೂಡಲ್ಸ್ ಒಯ್ಯುವವರಿಗೆ ಒಂದು ಮಾತು. 3454 ಮೀಟರಿನಲ್ಲಿ ನೀರು 88–89 ಡಿಗ್ರಿಗೇ ಕುದಿಯುತ್ತದೆ. ಕಪ್ಪಿನ ಮೇಲೆ ಮೂರು ನಿಮಿಷ ಎಂದಿದ್ದರೆ ಆರು ನಿಮಿಷ ಮುಚ್ಚಿಡಿ. ಕುಡಿಯುವ ನೀರು ಕೊಳ್ಳಬೇಕಿಲ್ಲ. ಊರ ಕಾರಂಜಿಗಳಲ್ಲಿ ಕುಡಿಯಬಾರದು ಎಂಬ ಫಲಕ ಇಲ್ಲದ ಕಡೆ ಬಾಟಲಿ ತುಂಬಿಸಿಕೊಳ್ಳಬಹುದು.

ಪ್ರಶ್ನೆ: ನಮ್ಮದು ಬರೀ ತೋಟದ ಆದಾಯ. ಪಹಣಿ ಒಕ್ಕದ (ಕುಟುಂಬದ) ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿದೆ. ವೀಸಾಕ್ಕೆ ಆದಾಯ ಹೇಗೆ ತೋರಿಸುವುದು?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಕಾಫಿಯನ್ನು ಕ್ಯೂರಿಂಗ್ ಮಾಡದೆ ಚೆರಿ ಅಥವಾ ಪಾರ್ಚ್‌ಮೆಂಟ್ ರೂಪದಲ್ಲಿ ಮಾರಿದ ಹಣ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ರಿಟರ್ನಿನಲ್ಲಿ ತೆರಿಗೆ ಸೊನ್ನೆ ಕಾಣುತ್ತದೆ, ನೋಡುವ ಅಧಿಕಾರಿಗೆ ನಿಮಗೆ ಆದಾಯವೇ ಇಲ್ಲ ಎನಿಸಬಹುದು. ರಿಟರ್ನ್ ಸಲ್ಲಿಸುವಾಗ ವಿನಾಯಿತಿ ಆದಾಯದ ಭಾಗದಲ್ಲಿ ಕೃಷಿ ಆದಾಯವನ್ನು ಪೂರ್ತಿ ತೋರಿಸಿ. ಕ್ಯೂರಿಂಗ್ ವರ್ಕ್ಸ್ ಅಥವಾ ವ್ಯಾಪಾರಿ ಕೊಟ್ಟ ಬಿಲ್ಲುಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜಮಾಕ್ಕೆ ಒಂದೊಂದಾಗಿ ಹೊಂದಿಸಿಡಿ. ತೋಟದವರ ಹಣ ಜನವರಿಯಿಂದ ಏಪ್ರಿಲ್ ನಡುವೆ ಒಟ್ಟಿಗೆ ಬರುತ್ತದೆ. ಬರೀ ಜೂನ್–ಆಗಸ್ಟಿನ ಸ್ಟೇಟ್‌ಮೆಂಟ್ ಕೊಟ್ಟರೆ ಖಾತೆ ಒಣಗಿದಂತೆ ಕಾಣುತ್ತದೆ, ಪೂರ್ತಿ ವರ್ಷದ್ದನ್ನೇ ಕೊಡಿ. ಜಮ್ಮಾ ಆಸ್ತಿಯ (ವಂಶಪಾರಂಪರ್ಯವಾಗಿ ಬಂದ ಒಕ್ಕದ ಭೂಮಿ) ವಿಷಯವನ್ನು ಮುಚ್ಚಿಡಬೇಡಿ: ಒಕ್ಕದ ಆಸ್ತಿ, ಪಹಣಿ ಪಟ್ಟೇದಾರರ ಹೆಸರಿನಲ್ಲಿ, ಇಷ್ಟು ಏಕರೆ ನಮ್ಮ ಅನುಭೋಗದಲ್ಲಿದೆ ಎಂದು ಅರ್ಧ ಪುಟದ ಪತ್ರದಲ್ಲಿ ಬರೆದು, ಪಹಣಿಯ ಇಂಗ್ಲಿಷ್ ಅನುವಾದ ಲಗತ್ತಿಸಿ. ಒಂದು ವಾರ ಮುಂಚೆ ಬೇರೆಯವರಿಂದ ದೊಡ್ಡ ಮೊತ್ತ ಹಾಕಿಸಿಕೊಳ್ಳುವುದು ಅರ್ಜಿ ತಿರಸ್ಕೃತವಾಗಲು ದಾರಿ.

ಉಳಿದಂತೆ, ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಹಲವು ಐರೋಪ್ಯ ದೇಶಗಳ ಒಟ್ಟು ವೀಸಾ) ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳಿ ಹೊರಡುವ ದಿನದಿಂದ ಮೂರು ತಿಂಗಳ ಆಯುಷ್ಯ ಇರಬೇಕು.

ಪ್ರಶ್ನೆ: ಸಂಪಾಜೆ ಘಾಟಿಯಲ್ಲಿ ಮೂವತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಅಲ್ಲಿ ಬಾಡಿಗೆ ಕಾರಿನಲ್ಲಿ ಘಾಟಿ ರಸ್ತೆ ನೋಡಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಖಂಡಿತ. ಇಂಟರ್ಲಾಕನ್‌ನಿಂದ ಸುಮಾರು 35 ಕಿ.ಮೀ. ದೂರದ ಇನರ್ಟ್‌ಕಿರ್ಖೆನ್‌ನಿಂದ ಗ್ರಿಮ್ಸೆಲ್ (2164 ಮೀ.), ಫುರ್ಕಾ (2429 ಮೀ.), ಸುಸ್ಟೆನ್ (2224 ಮೀ.) ಮೂರೂ ಘಾಟಿಗಳನ್ನು ಸುತ್ತಿ ಅಲ್ಲಿಗೇ ಮರಳಲು ಸುಮಾರು 120 ಕಿ.ಮೀ. ನಿಲ್ಲದೆ ಓಡಿಸಿದರೆ ಮೂರು ಗಂಟೆ, ನೋಡಿಕೊಂಡು ಹೋದರೆ ಪೂರ್ತಿ ಹಗಲು. ಜೂನ್ ಮಧ್ಯದಿಂದ ಅಕ್ಟೋಬರ್ ತನಕ ಮಾತ್ರ ನೆಚ್ಚಿಕೊಳ್ಳಬಹುದು. ಉಳಿದ ತಿಂಗಳು ಹಿಮಕ್ಕೆ ಗೇಟು ಹಾಕಿರುತ್ತಾರೆ. ಸೆಪ್ಟೆಂಬರಿನಲ್ಲೂ ಒಂದು ರಾತ್ರಿಯ ಹಿಮಕ್ಕೆ ಒಂದೆರಡು ದಿನ ಮುಚ್ಚುವುದುಂಟು.

ತಿರುವು ನಿಮಗೆ ಹೊಸದಲ್ಲ, ರಸ್ತೆಯ ಬದಿ ಹೊಸದು. ಬಲಬದಿಯಲ್ಲಿ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ. ತಪ್ಪಾಗುವುದು ತಿರುವಿನಲ್ಲಿ ಅಲ್ಲ. ಫೋಟೊಗೆಂದು ನಿಲ್ಲಿಸಿ ಮತ್ತೆ ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕುಳಿತವರು ಪ್ರತಿ ಸಲವೂ ಬಾಯಿಬಿಟ್ಟು ಬಲ ಎಂದು ಹೇಳಲಿ. ಕಡಿದಾದ ಕಿರಿದಾದ ಕಡೆ ಏರಿ ಬರುವ ವಾಹನಕ್ಕೆ ಮೊದಲ ಹಕ್ಕು. ಆದರೆ ಹಳದಿ ಅಂಚೆ ಬಸ್ಸು ಎದುರಾದರೆ ಅದರ ಚಾಲಕ ಹೇಳಿದಂತೆ ಕೇಳಬೇಕು, ಹಿಂದಕ್ಕೆ ತೆಗೆಯಬೇಕಾದರೆ ನೀವೇ ತೆಗೆಯಬೇಕು. ಮೂರು ಸ್ವರದ ಹಾರನ್ ಕೇಳಿದ ಕೂಡಲೇ ಅಗಲ ಇರುವಲ್ಲಿ ನಿಲ್ಲಿ. ಬಾಡಿಗೆ ಕಾರು ಸಾಮಾನ್ಯವಾಗಿ ಆಟೊಮ್ಯಾಟಿಕ್. ಇಳಿಜಾರಿನಲ್ಲಿ ಡಿ ಸ್ಥಾನದಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಬಂದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮ್ಯಾನ್ಯುಯಲ್ ಸ್ಥಾನಕ್ಕೆ ಹಾಕಿ ಎರಡನೇ, ಮೂರನೇ ಗೇರಿನಲ್ಲಿ ಇಳಿಸಿ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. 12 ವರ್ಷದೊಳಗಿನ, 150 ಸೆಂ.ಮೀ.ಗಿಂತ ಗಿಡ್ಡ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ಕಾರಿನ ಜತೆಗೇ ಕಾಯ್ದಿರಿಸಿ. ಮಡಿಕೇರಿ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ಒಯ್ಯಿರಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೌಂಟರಿನಲ್ಲಿ ಕೀಲಿ ಕೊಡದಿರಬಹುದು.

ಪ್ರಶ್ನೆ: ನಮ್ಮ ಮೊಬೈಲ್ ಚಾರ್ಜರ್ ಅಲ್ಲಿ ಹಿಡಿಯುತ್ತದೆಯೇ?
– ಓದುಗರೊಬ್ಬರು, ಶನಿವಾರಸಂತೆ

ಉತ್ತರ: ತೆಳುವಾದ ಎರಡು ಪಿನ್ನಿನ ಚಾರ್ಜರ್ ಹಿಡಿಯುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಹಿಡಿಯುವುದಿಲ್ಲ. ಅಲ್ಲಿನ ಸಾಕೆಟ್ ಷಟ್ಕೋನದ ಗುಂಡಿಯೊಳಗೆ ಇರುವುದರಿಂದ ಬೇರೆ ಐರೋಪ್ಯ ದೇಶಗಳ ದಪ್ಪ ದುಂಡು ಅಡಾಪ್ಟರ್ ಕೂಡ ಒಳಗೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನದೇ ಎಂದು ಕೇಳಿ ಕೊಳ್ಳಿ. ವೋಲ್ಟೇಜು ನಮ್ಮಷ್ಟೇ, 230. ಮೇಲಿನ ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಟಿಕೆಟ್ ಫೋನಿನಲ್ಲೇ ಇದ್ದರೆ ಅದರ ಒಂದು ಪ್ರತಿಯನ್ನು ಕಾಗದದಲ್ಲೂ ಇಟ್ಟುಕೊಳ್ಳಿ, ಫೋನನ್ನು ಜರ್ಕಿನ್ ಒಳಜೇಬಿನಲ್ಲಿಡಿ.